ಕೆಂಪು ಬಣ್ಣದ ದಿನ

ನಾನು ಲಿಪ್‌ಸ್ಟಿಕ್ ಹಚ್ಚಲು ಕಲಿತದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಮದುವೆಯಾದ ಹೊಸತರಲ್ಲಿ ಅಲ್ಲ, ಗಂಡ ತೀರಿಹೋಗಿ ಮೂರು ವರ್ಷ ಆದ ಮೇಲೆ. ಇದನ್ನು ಬರೆಯುವಾಗಲೂ ಹಿಂದಿನಿಂದ ಯಾರಾದರೂ ಓದುತ್ತಿದ್ದಾರೋ ಅಂತ ಒಮ್ಮೆ ತಿರುಗಿ ನೋಡಿದೆ. ಹೆದರಿಕೆ ಅನ್ನುವುದು ಅಷ್ಟು ಸುಲಭದಲ್ಲಿ ಬಿಟ್ಟುಹೋಗುವುದಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮೂರನೆಯ ಮಾಳಿಗೆಯ ಮನೆ. ಒಂದು ಹಾಲ್, ಒಂದು ಬೆಡ್‌ರೂಮ್. ನಾನು, ಅತ್ತೆ, ಎಂಟು ವರ್ಷದ ನನ್ನ ಮಗಳು. ಗಂಡ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಅಂತ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಮ್ಮದು ಉಡುಪಿ ಕಡೆ, ಮನೆಮಾತು ತುಳು. ಅತ್ತೆಯ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತುಳುವಿನಲ್ಲಿ ಅದಕ್ಕೆ ಇನ್ನೂ ಸ್ವಲ್ಪ ಖಾರ ಜಾಸ್ತಿ.

ಬಣ್ಣ ಉಡಬೇಡ ಅಂತ ಅತ್ತೆ ನನಗೆ ಯಾವತ್ತೂ ಹೇಳಿದವರಲ್ಲ. ಹೇಳಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ, ನನ್ನ ಬಾಯಿ ಏನೂ ಕಡಿಮೆಯದ್ದಲ್ಲ. ಗಂಡನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮಾರನೆಯ ದಿನ ಕಪಾಟು ತೆಗೆದರೆ ಕೆಂಪು, ಹಸಿರು, ಅರಿಶಿನದ ಸೀರೆಗಳೆಲ್ಲ ಇಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಮಂಚದ ಅಡಿಗೆ ತಳ್ಳಿದ್ದರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬೂದು, ಕೆನೆಬಣ್ಣ, ತೊಳೆದು ತೊಳೆದು ಮಾಸಿದ ನೀಲಿ, ಇಷ್ಟರಲ್ಲೇ ಮೂರು ವರ್ಷ ಕಳೆಯಿತು.

ಆಮೇಲೆ ನನಗೆ ಸಾನಪಾಡಾದ ಒಂದು ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ, ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ. ಮಗಳನ್ನು ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತರುವುದು, ಊಟ, ಹೋಮ್‌ವರ್ಕ್ ಎಲ್ಲ ಅತ್ತೆಯದೇ. ಅವರಿದ್ದರೆ ನನ್ನ ಕೆಲಸ, ಕೆಲಸ ಇದ್ದರೆ ನಮ್ಮ ಮನೆ. ಇದು ಅವರಿಗೂ ಗೊತ್ತಿತ್ತು. ಹಾಲು ಉಕ್ಕಿಹೋದರೂ ಸಾಕು, "ನನಗೆ ಇಲ್ಲಿ ಆಗುವುದಿಲ್ಲ, ನಾನು ಊರಿಗೆ ದೊಡ್ಡವನ ಹತ್ತಿರ ಹೋಗ್ತೇನೆ" ಅನ್ನುತ್ತಿದ್ದರು. ದೊಡ್ಡವನು ಅಂದರೆ ನನ್ನ ಭಾವ, ಉಡುಪಿಯಲ್ಲಿ ಅಂಗಡಿ ಇಟ್ಟವರು. ಆ ಮಾತು ಬಂದಾಗಲೆಲ್ಲ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಅವರು ನಿಜವಾಗಿ ಹೊರಟುಬಿಟ್ಟರೆ ಮಗಳನ್ನು ಯಾರ ಕೈಯಲ್ಲಿ ಬಿಡಲಿ?

ಠಾಣೆಯಿಂದ ಹೊರಡುವ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ನಾವು ಏಳೆಂಟು ಹೆಂಗಸರು ದಿನಾ ಒಂದೇ ಜಾಗದಲ್ಲಿ ಕೂರುತ್ತಿದ್ದೆವು. ಅದರಲ್ಲಿ ಠಾಣೆಯದೇ ನೌಪಾಡಾದ ಒಬ್ಬಳು ಮರಾಠಿಯವಳು ನನ್ನ ಗೆಳತಿಯಾದಳು. ಅವಳಿಗೆ ನಾಲಗೆಗೂ ಮನಸ್ಸಿಗೂ ನಡುವೆ ಬಾಗಿಲೇ ಇಲ್ಲ. ಪರಿಚಯವಾದ ಎರಡನೆಯ ವಾರವೇ ನನ್ನ ಬೂದುಬಣ್ಣದ ಸಲ್ವಾರ್ ಹಿಡಿದೆಳೆದು, "ನಿನಗೆ ಮೂವತ್ತನಾಲ್ಕೋ, ಅರವತ್ತನಾಲ್ಕೋ?" ಅಂತ ಕೇಳಿದಳು. ನನಗೆ ಸಿಟ್ಟು ಬಂತು. ಆದರೆ ಆ ದಿನ ಆಫೀಸಿನ ಬಾತ್‌ರೂಮಿನ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ.

ಮೊದಲು ಗಾಡಿಯಲ್ಲಿ ಮಾರಲು ಬರುವವಳ ಹತ್ತಿರ ಒಂದು ಜೊತೆ ಉದ್ದದ ಕಿವಿಯೋಲೆ. ಆಮೇಲೆ ಒಂದು ಮೆರೂನ್ ದುಪಟ್ಟಾ. ಅತ್ತೆ ಅದನ್ನು ಒಗೆದು ಎಲ್ಲಕ್ಕಿಂತ ಹಿಂದಿನ ಹಗ್ಗದಲ್ಲಿ ಒಣಗಿಸಿದರು. ಅಷ್ಟಕ್ಕೇ ನಾನು ಹದಿನೈದು ದಿನ ಅದನ್ನು ಮುಟ್ಟಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಜೀನ್ಸ್ ಬಂತು. ಅದನ್ನು ಆಫೀಸಿನ ಡ್ರಾಯರಿನಲ್ಲಿ ಇಟ್ಟು, ಅಲ್ಲಿಯೇ ಹಾಕಿ, ಅಲ್ಲಿಯೇ ಬಿಚ್ಚುತ್ತಿದ್ದೆ. ಮೊದಲ ಸಲ ಹಾಕಿದಾಗ ನನಗೆ ಎರಡು ಕಾಲು ಬೇರೆ ಬೇರೆ ಇವೆ ಅಂತ ಆ ದಿನವೇ ಗೊತ್ತಾದ ಹಾಗಿತ್ತು. ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡೆ. ಡೊಂಬಿವಲಿಯ ನೀರಿಗೆ ಕೂದಲು ಉದುರುತ್ತದೆ ಅಂತ ಮನೆಯಲ್ಲಿ ಹೇಳಿದೆ. ನೀರಿನ ಮೇಲೆ ಅಪವಾದ ಹೊರಿಸಿದರೆ ಇಲ್ಲಿ ಯಾರೂ ಅನುಮಾನ ಪಡುವುದಿಲ್ಲ.

ಲಿಪ್‌ಸ್ಟಿಕ್ ಹಚ್ಚುವುದು ಹೋಗುವಾಗ ರಬಾಳೆ ಸ್ಟೇಷನ್ ದಾಟಿದ ಮೇಲೆ, ಒರೆಸುವುದು ಬರುವಾಗ ರಬಾಳೆ ಬರುವ ಮೊದಲು. ಒಮ್ಮೆ ಒರೆಸಲು ಮರೆತು ಡೊಂಬಿವಲಿ ಸೇತುವೆ ಹತ್ತುತ್ತಿದ್ದೆ. ಎದುರಿಗೆ ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ಬಂದು, "ಎಂತ, ಮುಖ ಒಂಥರಾ ಉಂಟಲ್ಲ, ಹುಷಾರಿಲ್ವಾ?" ಅಂದರು. ಅವರು ಕೇಳಿದ್ದು ನನ್ನ ಸುಸ್ತಿನ ಬಗ್ಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತುಟಿಗೆ ಕೈ ಅಡ್ಡ ಹಿಡಿದೆ. ಆ ರಾತ್ರಿಯಿಡೀ ಸಂಘದವರೆಲ್ಲ ಮನೆಗೆ ಬಂದು ಅತ್ತೆಯ ಎದುರು ಕೂತ ಹಾಗೆ ಅನಿಸುತ್ತಿತ್ತು.

ಇಷ್ಟು ಹೆದರುವವಳು ಯಾಕೆ ಬಿಡಲಿಲ್ಲ ಅಂದರೆ, ನನಗೆ ಅದು ಇಷ್ಟವಾಗಿತ್ತು. ಬೇರೆ ಕಾರಣ ಹುಡುಕಿ ಹೇಳಿದರೆ ಸುಳ್ಳಾಗುತ್ತದೆ. ಯಾರಿಗೂ ತೋರಿಸಲಿಕ್ಕೆ ಅಲ್ಲ. ಒಂದು ಬಣ್ಣ ಮೈಮೇಲೆ ಬಿದ್ದ ಕೂಡಲೇ ನನ್ನ ನಡಿಗೆ ಬದಲಾಗುತ್ತಿತ್ತು, ಅದನ್ನು ನಾನೇ ಗಮನಿಸಿದ್ದೆ.

ನವರಾತ್ರಿ ಬಂತು. ಈ ಕಡೆ ಒಂದು ಪದ್ಧತಿ ಇದೆ. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ, ಯಾವ ದಿನ ಯಾವುದು ಅಂತ ಮರಾಠಿ ಪೇಪರಿನಲ್ಲಿ ಮೊದಲೇ ಬರುತ್ತದೆ. ಆ ದಿನ ಡಬ್ಬಿಗೆ ಡಬ್ಬಿಯೇ ಹಳದಿ, ಮರುದಿನ ಪೂರ್ತಿ ಹಸಿರು. ಬ್ಯಾಂಕು, ಶಾಲೆ, ತರಕಾರಿ ಮಾರುವವಳು, ಎಲ್ಲರೂ ಅದೇ. ಕುರ್ತಾದಲ್ಲಿ ನಾನೂ ಹೇಗೋ ಸುಧಾರಿಸಿದೆ. ಆದರೆ ಕೆಂಪಿನ ದಿನ ಎಲ್ಲರೂ ಸೀರೆಯೇ ಉಡಬೇಕು ಅಂತ ಗುಂಪು ತೀರ್ಮಾನ ಮಾಡಿತು. ನಾನು ಬರುವುದಿಲ್ಲ, ರಜೆ ಹಾಕುತ್ತೇನೆ ಅಂದೆ. "ಏನೂ ಬೇಡ, ಬೆಳಿಗ್ಗೆ ನಮ್ಮ ಮನೆಗೆ ಬಾ, ನಾನೇ ಉಡಿಸ್ತೀನಿ" ಅಂತ ನೌಪಾಡಾದವಳು ನನ್ನ ಮಾತನ್ನು ಅಲ್ಲಿಗೇ ಮುಗಿಸಿದಳು.

ಆ ಬೆಳಿಗ್ಗೆ ಆಫೀಸಿನಲ್ಲಿ ಬೇಗ ಕೆಲಸ ಇದೆ ಅಂತ ಸುಳ್ಳು ಹೇಳಿ ಹೊರಟೆ. ಅವಳ ಮನೆಯಲ್ಲಿ ಅವಳದೇ ಕೆಂಪು ಸೀರೆ ಉಡಿಸಿದಳು, ಜರಿ ಅಂಚಿನದು. ಹಣೆಗೆ ದೊಡ್ಡ ಬೊಟ್ಟು ಇಡಲು ಬಂದಾಗ ನಾನು ಅವಳ ಕೈ ಹಿಡಿದೆ. "ಅದು ಬೇಡ" ಅಂದೆ. ಅವಳು ಇನ್ನೊಂದು ಕೈಯಿಂದ ಇಟ್ಟೇಬಿಟ್ಟಳು. ಕನ್ನಡಿ ನೋಡಿದೆ. ಚಂದ ಕಾಣುತ್ತಿದ್ದೆ. ಅದು ಗೊತ್ತಾದ ಕೂಡಲೇ ಕನ್ನಡಿಯಿಂದ ಮುಖ ತಿರುಗಿಸಿದೆ.

ಠಾಣೆಯ ಪ್ಲಾಟ್‌ಫಾರಂನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಯಾರೋ ಫೋಟೋ ತೆಗೆದರು. ನಾನು ನಗುತ್ತಲೇ ಇದ್ದೆ, ಯಾಕೆ ಅಂತ ಗೊತ್ತಿಲ್ಲ. ಸಂಜೆ ನೌಪಾಡಾದಲ್ಲಿ ಸೀರೆ ಬಿಚ್ಚಿ, ಬೊಟ್ಟು ತೊಳೆದು, ಬೂದುಬಣ್ಣ ಹಾಕಿಕೊಂಡು ಹೊರಡುವಾಗ ಅವಳು ಬಹಳ ಖುಷಿಯಲ್ಲಿ ಹೇಳಿದಳು: ಫೋಟೋವನ್ನು ಮರಾಠಿ ಪೇಪರಿಗೆ ಕಳಿಸಿದ್ದೇನೆ, ಬಣ್ಣದ ಫೋಟೋಗಳನ್ನೆಲ್ಲ ಅವರು ಹಾಕುತ್ತಾರೆ, ನಮ್ಮದೂ ಬರುತ್ತದೆ. ಅವಳಿಗೆ ಅದರಲ್ಲಿ ಕೇಡೇನೂ ಕಾಣಲಿಲ್ಲ, ಕಾಣುವ ಹಾಗೂ ಇರಲಿಲ್ಲ. ನನಗೆ ಜೀವ ಬಾಯಿಗೆ ಬಂತು. ಮೂರು ತಿಂಗಳು ಸೇತುವೆ, ಸ್ಟೇಷನ್, ಸಂಘ ಅಂತ ನಮ್ಮ ಕನ್ನಡದವರ ಕಣ್ಣನ್ನೇ ಲೆಕ್ಕ ಹಾಕಿ ನಡೆದವಳು ನಾನು. ಮರಾಠಿ ಪೇಪರು ನನ್ನ ತಲೆಗೇ ಹೊಳೆದಿರಲಿಲ್ಲ.

ನಮ್ಮ ಮನೆಗೆ ಬರುವುದು ಕನ್ನಡ ಪೇಪರು. ಆದರೆ ಎದುರು ಮನೆಯ ಹಿರಿಯ ಮರಾಠಿ ಹೆಂಗಸು, ನಾವೆಲ್ಲ ಕಾಕೂ ಅನ್ನುವವರು, ಅವರಿಗೆ ಮರಾಠಿ ಪೇಪರು ಬರುತ್ತದೆ, ಅವರು ದಿನಾ ಮಧ್ಯಾಹ್ನ ಅತ್ತೆಯ ಹತ್ತಿರ ಹರಟೆಗೆ ಬರುವವರು. ಮಾರನೆಯ ದಿನದಿಂದ ನಾನು ಬೆಳಿಗ್ಗೆ ಐದೂವರೆಗೆ ಎದ್ದು, ಅವರ ಬಾಗಿಲ ಚಿಲಕಕ್ಕೆ ಸಿಕ್ಕಿಸಿದ ಪೇಪರು ಎಳೆದು, ಮೆಟ್ಟಿಲ ಮೇಲೆ ಕೂತು ಪುಟಪುಟ ಹುಡುಕಿ, ಮಡಚಿ ಮತ್ತೆ ಸಿಕ್ಕಿಸಿ ಬರುತ್ತಿದ್ದೆ. ಫೋಟೋ ಇದ್ದಿದ್ದರೆ ಪೇಪರನ್ನೇ ಮಾಯ ಮಾಡುವ ಯೋಚನೆ. ಎರಡನೆಯ ದಿನ ಕಾಕೂ ಬಾಗಿಲು ತೆಗೆದೇಬಿಟ್ಟರು. ಪಂಚಾಂಗ ನೋಡುತ್ತಿದ್ದೆ ಅಂದೆ. "ಒಳಗೆ ಬಂದು ನೋಡು, ಕತ್ತಲಲ್ಲಿ ಕಣ್ಣು ಹಾಳಾಗ್ತದೆ" ಅಂದರು ಪಾಪ. ನನ್ನಂಥ ಕಳ್ಳಿಗೆ ಚಹಾ ಬೇರೆ ಕೊಟ್ಟರು.

ದಸರೆಯ ದಿನ ಹಬ್ಬವೆಂದೋ ಏನೋ ಪೇಪರು ತಡವಾಗಿ ಬಂತು. ನಾನು ಮೂರು ಸಲ ಹೋಗಿ ನೋಡಿದೆ, ಚಿಲಕ ಖಾಲಿ. ಆಮೇಲೆ ಅಡುಗೆಯ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟೆ. ಇಷ್ಟು ದಿನ ಬರಲಿಲ್ಲ, ಇನ್ನು ಬರುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಜೆ ನಾಲ್ಕಕ್ಕೆ ಕಾಕೂ ಬಂದರು. ದಸರೆಗೆ ಇಲ್ಲಿ ಆಪಟೆಯ ಎಲೆಯನ್ನು ಬಂಗಾರ ಅಂತ ಒಬ್ಬರಿಗೊಬ್ಬರು ಕೊಡುತ್ತಾರೆ. ಅತ್ತೆಯ ಕೈಗೆ ಎಲೆ ಕೊಟ್ಟು, ಇನ್ನೊಂದು ಕೈಯಲ್ಲಿದ್ದ ಪೇಪರು ಬಿಡಿಸಿ, "ನೋಡಿ ನಿಮ್ಮ ಸೊಸೆಯನ್ನು, ಲಕ್ಷ್ಮಿ ಹಾಗೆ ಕಾಣ್ತಾಳೆ" ಅಂದರು. ಮಗಳು ಓಡಿಬಂದು, "ಮಮ್ಮಿ, ಕಿತನೀ ಸುಂದರ್" ಅಂತ ಹಿಂದಿಯಲ್ಲಿ ಕೂಗಿ ಪೇಪರಿಗೆ ಬೆರಳು ಒತ್ತಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಅತ್ತೆ ಕನ್ನಡಕ ತರಿಸಿ ಹಾಕಿಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಕಾಕೂಗೆ ಕಡಲೆ ಉಸಲಿ ಕೊಟ್ಟು ಕಳಿಸಿದರು. ಮಗಳನ್ನು ಕೆಳಗೆ ಆಡಲು ಹೋಗು ಅಂದರು. ಬಾಗಿಲು ಹಾಕಿದರು.

ನಾಳೆ ಯಾವ ಬಸ್ಸಿಗೆ ಟಿಕೆಟ್ ಕೇಳುತ್ತಾರೋ, ಆಫೀಸಿಗೆ ಏನು ಹೇಳಲಿ, ಮಗಳನ್ನು ನೋಡಿಕೊಳ್ಳಲು ಯಾವ ಪಾಳಣಾಘರಕ್ಕೆ ಹಾಕಲಿ ಅಂತ ಅಷ್ಟರೊಳಗೆ ನಾನು ಲೆಕ್ಕ ಶುರುಮಾಡಿದ್ದೆ. ಕ್ಷಮಿಸಿ ಅಂತ ಹೇಳಲು ಬಾಯಿ ತೆರೆದೆ.

"ಯಾರು ಅವನು?" ಅಂದರು ಅತ್ತೆ.

ನನಗೆ ಅರ್ಥವಾಗಲಿಲ್ಲ.

"ನನಗೆ ಕಣ್ಣಿಲ್ವಾ? ಜೂನಿನಿಂದ ನೋಡ್ತಾ ಇದ್ದೇನೆ. ಕರವಸ್ತ್ರ ಒಗೆಯುವವಳು ನಾನೇ ಅಲ್ವಾ, ಅದರಲ್ಲಿ ತುಟಿಯ ಬಣ್ಣ ಉಂಟು. ಹೆಣ್ಣು ಸುಮ್ಮನೆ ಇಷ್ಟು ಚಂದ ಮಾಡಿಕೊಳ್ಳುವುದಿಲ್ಲ. ಯಾರೋ ಇದ್ದಾನೆ. ಇರಲಿ. ನಾನು ಬೇಡ ಅನ್ನುವುದಿಲ್ಲ, ನಿನ್ನ ಪ್ರಾಯ ಎಷ್ಟು." ಅವರು ಪೇಪರನ್ನು ನಾಲ್ಕಾಗಿ ಮಡಚಿದರು. "ಆದ್ರೆ ಮಗುವನ್ನು ಕರ್ಕೊಂಡು ಹೋಗುವಾಗ ನನಗೆ ಮೊದಲೇ ಹೇಳು. ಒಂದು ದಿನ ಶಾಲೆಗೆ ಹೋಗಿ ನೋಡುವಾಗ ಅವಳು ಅಲ್ಲಿ ಇಲ್ಲ ಅಂತ ಆಗುವುದು ಬೇಡ. ದೊಡ್ಡವನ ಹತ್ತಿರ ಕೇಳಿದೆ, ನಿಮ್ಮಲ್ಲಿ ಬಂದು ಇರ್ತೇನೆ ಅಂತ. ಅವನ ಹೆಂಡತಿಗೆ ಆಗುವುದಿಲ್ಲ ಅಂತೆ."

ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ಊರಿಗೆ ಹೋಗ್ತೇನೆ ಅಂತ ಅವರು ಹೆದರಿಸಿದ್ದಕ್ಕೆಲ್ಲ ನಾನು ನಡುಗಿದ್ದೆ, ಅವರಿಗೆ ಹೋಗಲಿಕ್ಕೆ ಊರೇ ಇರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

"ಯಾರೂ ಇಲ್ಲ ಅತ್ತೆ. ಒಂದು ಕೆಂಪು ಸೀರೆ ಉಡಬೇಕು ಅನಿಸಿತು, ಅಷ್ಟೇ."

"ಅಷ್ಟೇಯಾ?"

"ಮಗಳ ಮೇಲೆ ಆಣೆ. ಅಷ್ಟೇ."

ಅವರು ತಲೆ ಆಡಿಸಿದರು. ಆದರೆ ನಂಬಲಿಲ್ಲ, ನನಗೆ ಗೊತ್ತಾಯಿತು. ಮರುದಿನದಿಂದ ಜೀನ್ಸ್ ಮನೆಯ ಹಗ್ಗದಲ್ಲೇ ಒಣಗಿತು, ಲಿಪ್‌ಸ್ಟಿಕ್ ಮನೆಯ ಕನ್ನಡಿಯ ಮುಂದೆಯೇ ಹಚ್ಚಿದೆ. ಯಾರೂ ಇಲ್ಲ ಅಂತ ಎಷ್ಟು ವರ್ಷ ಹೇಳಿದರೂ ಅವರಿಗೆ ಧೈರ್ಯ ಬರಲಿಲ್ಲ. ಬೂದುಬಣ್ಣ ಹಾಕಿ ಹೋದ ದಿನ ಮಧ್ಯಾಹ್ನ ಊಟ ಮಾಡಿ ಮಲಗುತ್ತಿದ್ದರಂತೆ. ನಾನು ಚಂದ ಕಂಡ ದಿನ ಮಗಳನ್ನು ಶಾಲೆಯಿಂದ ಬೇಗ ಕರೆದುಕೊಂಡು ಬಂದು, ನಾನು ತಿರುಗಿ ಬರುವವರೆಗೆ ಊಟ ಮಾಡದೆ ಕೂತಿರುತ್ತಿದ್ದರು.