ಯುರೇನಿಯಂ ರೇಟು ಹೇಳುತ್ತಿದ್ದ ಜುಮಗಾಲಿ

ಅಲ್ಲಾ ಬಲ್ಜಾನ್, ಜುಮಗಾಲಿಯನ್ನು ಮೂಗಜ್ಜ ಅಂತ ಕರೀಬೇಡ ಕಣೇ. ಜಪಾನಿನ ಅಣು ಸ್ಥಾವರ ಸಿಡಿದ ಮೇಲೆ ಅಣು ವಿದ್ಯುತ್ತಿನವರು ಯುರೇನಿಯಂ ಕೊಳ್ಳುವುದು ಬಿಟ್ಟರು ಅಂತ ನಮ್ಮೂರ ಗಣಿ ಮುಚ್ಚಿದಾಗ, ಕಾವಲಿಗೆ ಉಳಿದವನು ಅವನೊಬ್ಬನೇ. ಪ್ರತಿ ಮಂಗಳವಾರ ಪಟ್ಟಣದ ಕಚೇರಿಗೆ ಫೋನ್ ಮಾಡಿ ಯುರೇನಿಯಂ ರೇಟು ಕೇಳಿಕೊಂಡು, ಕುರಿ ಮೇಯಿಸುವವರನ್ನೂ ನಿಲ್ಲಿಸಿ ಹೇಳುತ್ತಿದ್ದ. ಮದುವೆಯಲ್ಲಿ ಜೋಡಿಯನ್ನು ಹರಸು ಅಂದರೂ ರೇಟೇ ಹೇಳಿದ. "ಊರು ಬಿಡಬೇಡ್ರಪ್ಪಾ, ಜಪಾನಿನವರು ಕತ್ತಲಲ್ಲಿ ಕೂರ್ತಾರಾ? ಬರೋ ವಸಂತಕ್ಕೆ ರೇಟು ಏರುತ್ತೆ!" ಅನ್ನುತ್ತಿದ್ದ. "ನಿನ್ನ ವಸಂತ ಕಾದು ಕಾದು ನನ್ನ ಕುದುರೆಗೂ ಹಲ್ಲು ಉದುರಿತು ಕಣೋ," ಅಂತ ನಿನ್ನ ತಾತ ರೇಗಿಸುತ್ತಿದ್ದರು. ಆದರೂ ಅವನ ಮಾತು ನಂಬಿ, ತೈಲ ಬಾವಿಯ ಊರಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟು ಉಳಿದವರು ನಿನ್ನ ತಾತ ಒಬ್ಬರೇ. ಒಂಬತ್ತು ವರ್ಷ ಕಾದರು. ಹತ್ತನೆಯ ಚಳಿಗಾಲ ದಾಟಲಿಲ್ಲ. ಆ ವಸಂತಕ್ಕೇ ರೇಟು ಏರಿತು ನೋಡು! ಊರೆಲ್ಲ ಕುಣಿಯಿತು. ಜುಮಗಾಲಿ ಮಾತ್ರ ಗಣಿಯಲ್ಲೇ ಉಳಿದಿದ್ದ ತಾತನ ಹೆಲ್ಮೆಟ್ಟನ್ನು ಒರೆಸಿ ತಂದು ನಮ್ಮ ಬಾಗಿಲಲ್ಲಿಟ್ಟು, "ತಪ್ಪಾಯ್ತಕ್ಕಾ" ಅಂದ. ಅಂದಿನಿಂದ ಬಾಯೇ ಬಿಟ್ಟಿಲ್ಲ, ಯಾರಿಗೂ ರೇಟು ಹೇಳಿಲ್ಲ. ನಾನೋ ಅವನ ಮುಖದೆದುರೇ ಬಾಗಿಲು ಹಾಕಿಕೊಂಡೆನಲ್ಲ, ಅದೇ ಈಗ ಕೊರೆಯುತ್ತದೆ. ತಗೋ, ಹಿಟ್ಟಿನುಂಡೆ ಕರಿದು ಬಿಸಿ ಬೌರ್ಸಾಕ್ ಮಾಡಿದ್ದೇನೆ. ಅವನಿಗೆ ಕೊಟ್ಟು, "ತಾತಾ, ಇವತ್ತು ರೇಟ್ ಎಷ್ಟು? ಅಜ್ಜಿ ಕೇಳಿದ್ಲು" ಅಂತ ಹೇಳಿ ಬಾ.