ಎಣ್ಣೆ ಹಾಕಿದ ಭೂಕಂಪ

ವಿಜ್ಞಾನ ಮ್ಯೂಸಿಯಂನಲ್ಲಿ ಭೂಕಂಪ ಮಾಡುವುದೇ ಅವನ ಉದ್ಯೋಗ. ಊರಿಗೆಲ್ಲ ನಡುಕಮಾಮ. ಯಾವ ಚಕ್ರವರ್ತಿಗೂ ಇಲ್ಲದ ಅಧಿಕಾರ: ಅವನು ಹಿಡಿಕೆ ತಿರುಗಿಸಿದರೆ ಭೂಮಿ ನಡುಗಲೇಬೇಕು.

ಅವನ ಮಾದರಿ ಎಂದರೆ ಎರಡು ರಬ್ಬರ್ ಹಾಳೆ. ಕೆಳಗಿನದು ಸಮುದ್ರತಳದ ಭೂಫಲಕ. ತಣ್ಣಗಾಗಿ ತೂಕವೇರಿ, ದಡದ ಫಲಕದಡಿ ನುಸುಳಿ ಮುಳುಗುತ್ತದೆ. ಉಜ್ಜುವಲ್ಲಿ ಎರಡೂ ಕಚ್ಚಿಕೊಂಡು, ಮೇಲಿನದರ ಅಂಚೂ ಕೆಳಗೆ ಬಗ್ಗುತ್ತದೆ. ಶತಮಾನಗಳ ಹಿಡಿತ ಒಮ್ಮೆ ತಪ್ಪಿದರೆ ಅಂಚು ಚಿಮ್ಮುತ್ತದೆ, ನೆಲ ನಡುಗುತ್ತದೆ, ಸಮುದ್ರ ಎದ್ದು ಬರುತ್ತದೆ.

ಕಿರುಗುಟ್ಟುತ್ತದೆಂದು ಒಂದು ದಿನ ಮಾಮ ಅದಕ್ಕೆ ಧಾರಾಳವಾಗಿ ಎಣ್ಣೆ ಸುರಿದ. ಅವತ್ತೇ ಅವನ ಅಕ್ಕ ಬರಬೇಕೆ! ಅಕ್ಕ ದಡದ ಬೀದಿಯಲ್ಲಿ ಬಟ್ಟೆ ಹೊಲಿಯುವವಳು. ಗುಡ್ಡದ ಮೇಲೆ ಮನೆ ಮಾಡಲು ಒಪ್ಪಿಸಬೇಕೆಂದು, ಮಾದರಿ ನೋಡಲು ಅವಳನ್ನು ಕಾಡಿ ಬೇಡಿ ಕರೆಸಿದ್ದ. ಜೊತೆಗೆ ಅವಳ ಪಕ್ಕದ ಮನೆಯ ಬೀಗ ರಿಪೇರಿಯವನೂ ಬಂದಿದ್ದ.

ಹಾಳೆ ಎಲ್ಲೂ ಕಚ್ಚಿಕೊಳ್ಳದೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿತು.

"ಇಷ್ಟೇನೋ? ಇದಕ್ಕಾ ನನ್ನ ಪ್ರಾಣ ತಿಂದಿದ್ದು?"

"ಅಕ್ಕಾ, ಇದಕ್ಕಿಂತ ನಮ್ಮ ಗೇಟೇ ಜಾಸ್ತಿ ಅಲ್ಲಾಡುತ್ತೆ," ಎಂದ ಬೀಗದವನು.

ಮಾಮ ಹಾಳೆಗಳನ್ನು ಸೋಪು ಹಾಕಿ ತಿಕ್ಕಿ ತೊಳೆದ. ಅಕ್ಕ ಮತ್ತೆ ಬರಲಿಲ್ಲ. ಆಗ ಮಾದರಿಯನ್ನೇ ತಲೆ ಮೇಲೆ ಹೊತ್ತು, ದಿಗ್ವಿಜಯಕ್ಕೆ ಹೊರಟ ರಾಜನಂತೆ ಬೀದಿಗುಂಟ ನಡೆದ. ಅಕ್ಕನ ಹೊಲಿಗೆ ಮೇಜಿನ ಮೇಲಿಟ್ಟು, ಅಂಚಿಗೊಂದು ದಾರದ ರೀಲು ನಿಲ್ಲಿಸಿದ.

"ಇದು ನಿನ್ನ ಮನೆ."

ಹಿಡಿಕೆ ತಿರುಗಿತು. ಅಂಚು ಬಗ್ಗಿತು. ರೀಲು ಕದಲಲಿಲ್ಲ.

"ಎಲ್ಲೋ ನಿನ್ನ ಪ್ರಳಯ? ದಾರಿ ತಪ್ತಾ?"

"ಬರುತ್ತೆ ಇರೇ."

"ಅಷ್ಟರಲ್ಲಿ ನಾನೊಂದು ಲಂಗ ಹೊಲಿದು—"

ಫಟ್! ರೀಲು ಗೋಡೆಗೆ ಬಡಿದು, ಮೆಷಿನ್ ಅಡಿಗೆ ಉರುಳಿತು.

ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡಳು. "ಮಾತಾಡ್ತಾ ಇದ್ದಾಗ್ಲೇ ಬಂತಲ್ಲೋ," ಎಂದಳು ಮೆಲ್ಲಗೆ. ರೀಲನ್ನು ಮತ್ತೆ ಅಂಚಿಗಿಟ್ಟು, "ಬೀಗದವನಿಗೂ ತೋರಿಸು. ಅವನು ನೋಡಿದ್ದೂ ಎಣ್ಣೆ ಹಾಕಿದ್ದನ್ನೇ ತಾನೆ?"

ಬೀಗದವನು ಬಾಗಿಲಲ್ಲೇ ನಕ್ಕ. "ನೋಡಿ ಆಯ್ತಲ್ಲ ಮಾಮಾ! ಆದ್ರೂ ನಾಳೆ ಬಾ." ಮರುದಿನ ಹೋದರೆ ಮತ್ತೆ ನಾಳೆ.

ಅಕ್ಕ ಮೆಷಿನ್ ಸಮೇತ ಮನೆ ಬದಲಿಸಿ ಗುಡ್ಡ ಹತ್ತಿದಳು. ಮುಂದಿನ ವರ್ಷ ಒಂದು ಮಧ್ಯಾಹ್ನ ನಿಜವಾದ ಅಂಚು ಚಿಮ್ಮಿತು. ನೀರು ಬೀದಿಯನ್ನು ನುಂಗುವುದನ್ನು ಅಕ್ಕ ತಮ್ಮ ಇಬ್ಬರೂ ಗುಡ್ಡದ ಮೇಲಿನಿಂದ ನೋಡಿದರು. ಓಡಿ ಬಂದವರ ಮುಖಗಳನ್ನು ಮಾಮ ಒಂದೊಂದಾಗಿ ಹುಡುಕಿದ. ಬೀಗದವನು ಬರಲಿಲ್ಲ.

ಮ್ಯೂಸಿಯಂ ಮತ್ತೆ ತೆರೆದಿದೆ. ಮಾದರಿಯ ಕಿರುಗುಟ್ಟುವಿಕೆಗೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ.

"ಸ್ವಲ್ಪ ಎಣ್ಣೆ ಹಾಕಬಾರದಾ ಮಾಮಾ?"

"ಬೇಡಪ್ಪಾ, ಕಿರುಚಲಿ."

ಅಂಚಿನ ಮೇಲೆ ಅವನು ಈಗ ಎರಡು ರೀಲು ಅಕ್ಕಪಕ್ಕ ನಿಲ್ಲಿಸುತ್ತಾನೆ.