ಐದು ಕೈಗಳ ಕೆಂಪು ಹೊಲಿಗೆ

2023ನೇ ಇಸವಿ ಫೆಬ್ರವರಿ 16, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಥಾರ್ನ್‌ಹಿಲ್‌ನ ಒಂದು ಸಣ್ಣ ಪ್ಲಾಜಾದಲ್ಲಿದ್ದ ಬಟ್ಟೆ ಆಲ್ಟರೇಶನ್ ಅಂಗಡಿ. ಹಾಜರಿದ್ದವರು ಮೂವರು. ಇಸ್ತ್ರಿ ಮೇಜಿನ ಹಿಂದೆ ಅಂಗಡಿಯ ಒಡತಿ, ಇರಾನಿನಿಂದ ಬಂದ ಪರ್ವೀನ್. ಹೊಲಿಗೆ ಯಂತ್ರದ ಮುಂದೆ ನಾನು. ಕೌಂಟರಿನ ಆಚೆ ಕೋಟಿನ ಮೇಲಿನ ಹಿಮ ಕೊಡವುತ್ತ ನಿಂತಿದ್ದ ಶೋಭಾ.

ಶೋಭಾ ಮೈಸೂರಿನವಳು, ಸಾಫ್ಟ್‌ವೇರ್ ಕೆಲಸದವಳು, ಮಗಳು ತನ್ವಿಯೊಂದಿಗೆ ನಮ್ಮ ಬೀದಿಯಲ್ಲೇ ಮನೆ. ನಾನು ಹಾಸನದ ಒಂದು ಬಾಲಕಿಯರ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಹೊಲಿಗೆ ಶಿಕ್ಷಕಿಯಾಗಿದ್ದವಳೆಂಬುದು ತಿಳಿದ ದಿನದಿಂದ ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಿದ್ದಳು. ನಿವೃತ್ತಿಯಾಗಿ ಈ ಹಿಮದ ದೇಶಕ್ಕೆ, ಮಗಳ ಮನೆಗೆ ಬಂದ ಮೇಲೂ ಬೆಳಿಗ್ಗೆ ಐದಕ್ಕೆ ಎದ್ದು ಎಂಟಕ್ಕೆಲ್ಲ ಸೀರೆ ಉಟ್ಟು ಸಿದ್ಧಳಾಗಿರುವ ಅಭ್ಯಾಸ ಹೋಗಲಿಲ್ಲ. ಸಿದ್ಧಳಾದವಳಿಗೆ ಹೋಗಲೊಂದು ಕಡೆ ಬೇಕಿತ್ತು. ಹಾಗಾಗಿ ಈ ಅಂಗಡಿ ಸೇರಿದೆ. ಹನ್ನೆರಡು ವರ್ಷ ಅಲ್ಲಿದ್ದೆ. ಚಳಿಗಾಲದಲ್ಲಿ ಬರುವ ಪ್ಯಾಂಟುಗಳ ಅಂಚೆಲ್ಲ ರಸ್ತೆಯ ಉಪ್ಪಿನಿಂದ ಬೆಳ್ಳಗಾಗಿರುತ್ತಿತ್ತು. ಹಿಮವೆಂದರೆ ನನಗೆ ಇಂದಿಗೂ ನೆನಪಾಗುವುದು ಆ ಉಪ್ಪಿನ ಗೆರೆ.

ಶೋಭಾ ಚೀಲದಿಂದ ಕಡುನೀಲಿ ಉಣ್ಣೆ ಮಿಶ್ರಿತ ಬಟ್ಟೆಯ ನೆರಿಗೆ ಸ್ಕರ್ಟೊಂದನ್ನು ತೆಗೆದಳು.

“ಟೀಚರ್, ನಾಳೆ ಬೆಳಿಗ್ಗೆ ಹತ್ತಕ್ಕೆ ತನ್ವಿಗೆ ಕಾಲೇಜ್ ಇಂಟರ್ವ್ಯೂ. ಇದನ್ನೇ ತಗೊಂಡ್ಹೋಗ್ತಾಳಂತೆ. ನೋಡಿ, ದಾರ ಎಲ್ಲಾ ಹೊರಗೆ! ಸ್ವಲ್ಪ ನೀಟ್ ಮಾಡ್ಕೊಡಿ. ಅವಳಿಗೆ ಹೇಳಿಲ್ಲ, ಸರ್‌ಪ್ರೈಸ್.”

“ಉದ್ದ ಎಷ್ಟಿಡ್ಲಿ?”

“ಈಗ ನೆಲ ಗುಡಿಸೋ ಹಾಗಿದೆ. ಮಂಡಿ ಕೆಳಗೆ ಬಂದ್ರೆ ಸಾಕಲ್ವಾ? ನಿಮಗೆ ಗೊತ್ತಿಲ್ದೇ ಇರೋದಾ.”

ನನಗೆ ಗೊತ್ತಿತ್ತು ಎಂಬುದೇ ಅಂದಿನ ತೊಂದರೆ. ಹಾಸನದಲ್ಲಿ ಪ್ರತಿ ಸೋಮವಾರ ಪ್ರಾರ್ಥನೆ ಮುಗಿದೊಡನೆ ಮರದ ಅಡಿಕೋಲು ಹಿಡಿದು ಹುಡುಗಿಯರ ಸಾಲಿನಲ್ಲಿ ನಡೆಯುವುದು ನನ್ನ ಕೆಲಸವಾಗಿತ್ತು. ನೀಲಿ ಸ್ಕರ್ಟು ಮಂಡಿಯಿಂದ ನಾಲ್ಕು ಬೆರಳು ಕೆಳಗಿರಬೇಕು. ಗೇಟು ದಾಟಿದೊಡನೆ ಸೊಂಟದ ಪಟ್ಟಿಯನ್ನು ಎರಡು ಸುತ್ತು ಮಡಚಿ ಗಿಡ್ಡ ಮಾಡಿಕೊಳ್ಳುವವರ ಹೆಸರು ನನ್ನ ಪುಸ್ತಕದಲ್ಲಿ ಇರುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಯಾವ ಹುಡುಗಿಯನ್ನೂ “ನಿನಗೆ ಹೇಗಿರಬೇಕು?” ಎಂದು ಕೇಳಿದವಳಲ್ಲ. ಯೂನಿಫಾರ್ಮಿನ ವಿಷಯದಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸ್ಕರ್ಟನ್ನು ಕೈಗೆತ್ತಿಕೊಂಡೆ. ಅಂಚಿನ ಸುತ್ತ, ಒಂದರ ಮೇಲೊಂದರಂತೆ, ಕೆಂಪು ದಾರದ ಐದು ಸಾಲು ಹೊಲಿಗೆಯಿತ್ತು. ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಒಂದೇ ಅರ್ಥ: ಕಚ್ಚಾ ಹೊಲಿಗೆ. ಪಕ್ಕಾ ಹೊಲಿಯುವ ಮೊದಲು ಬಟ್ಟೆ ಜಾರದಿರಲೆಂದು ಉದ್ದುದ್ದ ಹಾಕಿಡುವ ತಾತ್ಕಾಲಿಕ ಹೊಲಿಗೆ ಅದು. ಬಿಚ್ಚುವಾಗ ಕಣ್ಣಿಗೆ ಬೀಳಲೆಂದೇ ಬಟ್ಟೆಗೆ ಒಪ್ಪದ ಬಣ್ಣದ ದಾರ ಬಳಸುತ್ತೇವೆ. ಹುಡುಗಿ ಕಚ್ಚಾ ಹಾಕಿ ಮುಂದೇನು ಮಾಡಬೇಕೆಂದು ತಿಳಿಯದೆ ಬಿಟ್ಟಿದ್ದಾಳೆ ಎಂದುಕೊಂಡೆ. ಕಾಲು ಗಂಟೆಯಲ್ಲಿ ಐದೂ ಸಾಲು ಬಿಚ್ಚಿ, ದಾರವನ್ನು ಬುಟ್ಟಿಗೆ ಹಾಕಿ, ಮಂಡಿಯಿಂದ ನಾಲ್ಕು ಬೆರಳು ಕೆಳಕ್ಕೆ ಸೀಮೆಸುಣ್ಣದ ಗೆರೆ ಎಳೆದೆ.

ಮೂರು ನಲವತ್ತಕ್ಕೆ ಕತ್ತರಿ ತೆರೆದು ಗೆರೆಯ ಮೇಲಿಟ್ಟಿದ್ದೆ. ಬಾಗಿಲ ಗಂಟೆ ಬಡಿಯಿತು.

“ಅಜ್ಜಿ, ಸ್ಟಾಪ್! ಸ್ಟಾಪ್!”

ಹದಿನೇಳರ ತನ್ವಿ, ಬೆನ್ನಿಗೆ ಶಾಲೆಯ ಚೀಲ, ಕಂಕುಳಲ್ಲಿ ದೊಡ್ಡದೊಂದು ಚಪ್ಪಟೆ ಬ್ಯಾಗು. ‘ಸರ್‌ಪ್ರೈಸ್’ ತಡೆದುಕೊಳ್ಳಲಾಗದೆ ತಾಯಿ ಮೆಸೇಜು ಹಾಕಿಬಿಟ್ಟಿದ್ದಳು. ಹುಡುಗಿ ಬಸ್‌ಸ್ಟಾಪಿನಿಂದ ಓಡಿ ಬಂದಿದ್ದಳು.

“ರೆಡ್ ಥ್ರೆಡ್ ಎಲ್ಲಿ ಅಜ್ಜಿ?”

“ಕಚ್ಚಾ ಹೊಲಿಗೆ ತಾನೆ? ಬಿಚ್ಚಿದೆ.”

“ಬಿಚ್ಚಿದ್ರಾ? ಎಲ್ಲಾನೂ?”

ನಾನು ಬುಟ್ಟಿ ತೋರಿಸಿದೆ. ಅವಳು ನೋಡಿದಳು, ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ತಾಯಿಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಕೂಗಾಡಿದಳು. ಕೊನೆಗೆ ನನಗೂ ತಿಳಿಯಲೆಂದೋ ಏನೋ ಕನ್ನಡಕ್ಕೆ ಬಂದಳು. “ನಾನು ನಾಳೆ ಹೋಗಲ್ಲ. ದಟ್ಸ್ ಇಟ್.”

ಪರ್ವೀನ್ ಸಣ್ಣ ಗಾಜಿನ ಲೋಟದಲ್ಲಿ ಕಪ್ಪು ಚಹಾ ತಂದು, ಜೊತೆಗೆ ಸಕ್ಕರೆಯ ತುಂಡಿಟ್ಟು, ಮೊದಲು ಕುಡಿ, ಅಳುವುದು ಆಮೇಲೂ ಇದ್ದೇ ಇರುತ್ತದೆ ಎಂದಳು. ಚಹಾ ಕುಡಿದ ಮೇಲೆ ನಾನು ತನ್ವಿಗೆ, “ಈಗ ಹೇಳು. ಮೊದಲಿಂದ ಹೇಳು” ಎಂದೆ.

ಅವಳು ಚಪ್ಪಟೆ ಬ್ಯಾಗು ಬಿಚ್ಚಿದಳು. ಒಳಗೆ ಕಪ್ಪು-ಬಿಳುಪಿನಲ್ಲಿ ಬರೆದ ಇಪ್ಪತ್ತನಾಲ್ಕು ಪುಟಗಳ ಚಿತ್ರಕಥೆ. ಜಪಾನಿನ ಮಾಂಗಾ ಶೈಲಿಯದು. ನಾನು ಮೊದಲ ಪುಟವನ್ನು ಶ್ರದ್ಧೆಯಿಂದ ನೋಡತೊಡಗಿದೆ.

“ಅಜ್ಜಿ, ಅದು ಎಂಡಿಂಗ್. ಈ ಕಡೆಯಿಂದ ಓದ್ಬೇಕು. ರೈಟಿಂದ ಲೆಫ್ಟ್‌ಗೆ.”

ಕಥೆ ಹತ್ತಿರದ ಊರಾದ ಬ್ರ್ಯಾಂಪ್ಟನ್‌ನ ಒಂದು ಯೂನಿಫಾರ್ಮ್ ಶಾಲೆಯದು. ತಾಯಿ ಗೋದಾಮಿನಲ್ಲಿ ಪಾಳಿಯ ಮೇಲೆ ದುಡಿಯುವ ಒಬ್ಬ ಹುಡುಗಿ. ಶಾಲೆಯಲ್ಲಿ ಅವಳನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ. ಒಂದು ದಿನ ಅವಳು ತನ್ನ ಸ್ಕರ್ಟನ್ನು ಹಿಮ್ಮಡಿಯವರೆಗೆ ಉದ್ದ ಮಾಡಿಕೊಂಡು ಬರುತ್ತಾಳೆ.

“ಉದ್ದ ಮಾಡಿದ್ರೆ ಯಾವ ಟೀಚರು ಬೈತಾರೆ?” ಎಂದೆ.

ಆಗ ತನ್ವಿ ಹೇಳಿದ ಸಂಗತಿ ನನ್ನ ಇಡೀ ಸೇವಾವಧಿಯಲ್ಲಿ ಕೇಳಿರದಂಥದು. ಎಪ್ಪತ್ತರ ದಶಕದ ಜಪಾನಿನಲ್ಲಿ ಪುಂಡ ಹುಡುಗಿಯರ ಗುಂಪುಗಳಿದ್ದವಂತೆ. ಅವರಿಗೆ ‘ಸುಕೆಬಾನ್’ ಎಂದು ಹೆಸರು. ಹುಡುಗಿಯರೆಂದರೆ ಗಿಡ್ಡ ಸ್ಕರ್ಟು ಎಂದು ಲೋಕ ಹೇಳತೊಡಗಿದಾಗ ಇವರು ಶಾಲೆಯ ಸ್ಕರ್ಟನ್ನೇ ಪಾದ ಮುಟ್ಟುವಷ್ಟು ಇಳಿಸಿದರು, ಮೇಲಂಗಿ ಗಿಡ್ಡ ಮಾಡಿದರು, ಬಟ್ಟೆಯ ಮೇಲೆ ತಮ್ಮ ಕೈಯಿಂದಲೇ ಕಸೂತಿ ಹಾಕಿದರು. ತೊಂಬತ್ತರ ದಶಕದಲ್ಲಿ ಬಂದ ಹುಡುಗಿಯರು ಅದಕ್ಕೆ ವಿರುದ್ಧವಾಗಿ ಸ್ಕರ್ಟು ಮೇಲೇರಿಸಿ, ಸಡಿಲ ಕಾಲುಚೀಲ ತೊಟ್ಟು, ಅದು ಜಾರದಂತೆ ಕಾಲಿಗೆ ಗೋಂದು ಹಚ್ಚಿಕೊಳ್ಳುತ್ತಿದ್ದರಂತೆ.

“ಗೋಂದಾ? ಎಲಾಸ್ಟಿಕ್ ಹಾಕಿದ್ರೆ ಆಗ್ತಿರ್ಲಿಲ್ವೇ?”

“ಅಜ್ಜಿ! ಎಲಾಸ್ಟಿಕ್ ಹಾಕಿದ್ರೆ ಅದು ಟೀಚರ್ ಐಡಿಯಾ ಆಗ್ಬಿಡತ್ತೆ.”

ಪರ್ವೀನ್‌ಗೆ ನಾನು ಅನುವಾದಿಸಿ ಹೇಳಿದಾಗ ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಕ್ಕಳು. ನಾನು ನಗಲಿಲ್ಲ. ನನ್ನ ಹಾಸನದ ನಿಯಮಪುಸ್ತಕದಲ್ಲಿ ಸ್ಕರ್ಟಿನ ಕನಿಷ್ಠ ಉದ್ದವಿತ್ತು, ಗರಿಷ್ಠ ಉದ್ದವಿರಲಿಲ್ಲ. ಈ ಹುಡುಗಿಯರು ನನ್ನ ಸಾಲಿನಲ್ಲಿ ನಿಂತಿದ್ದರೆ ಅಡಿಕೋಲು ಹಿಡಿದು ಏನು ಮಾಡುತ್ತಿದ್ದೆ ಎಂದು ಯೋಚಿಸುತ್ತಿದ್ದೆ.

“ಮಾಂಗಾದಲ್ಲಿ ಮಾತು ಕಮ್ಮಿ ಅಜ್ಜಿ,” ತನ್ವಿ ಮುಂದುವರಿಸಿದಳು. “ಡ್ರೆಸ್ ನೋಡಿದ ತಕ್ಷಣ ಇವಳು ಯಾರು, ಏನಾಗಿದೆ ಇವಳಿಗೆ, ಎಲ್ಲಾ ಗೊತ್ತಾಗ್ಬೇಕು. ಅದಕ್ಕೇ ಮಾಂಗಾ ಬರೆಯೋರು ಈ ಹುಡುಗೀರ ಹತ್ರ ಅಷ್ಟು ತಗೊಂಡಿದ್ದು.”

ಅವಳ ಕಥೆಯಲ್ಲಿ ಒಬ್ಬೊಬ್ಬರಾಗಿ ನಾಲ್ವರು ಆ ಹುಡುಗಿಯ ಜೊತೆಗೂಡುತ್ತಾರೆ. ಕೂಡಿಕೊಂಡವಳು ತನ್ನ ಕೈಯಿಂದ ನಾಯಕಿಯ ಸ್ಕರ್ಟಿನ ಮೇಲೆ ಒಂದು ಸಾಲು ಹೊಲಿಯಬೇಕು. ಕೊನೆಯ ಸಾಲು ನಾಯಕಿಯದೇ. ಪುಟಗಳಲ್ಲಿ ಬಣ್ಣವಿಲ್ಲ. ಕೆಂಪು ಇರುವುದು ಈ ನಿಜವಾದ ಸ್ಕರ್ಟಿನ ಮೇಲೆ ಮಾತ್ರ. ಓಕ್‌ವಿಲ್‌ನ ಒಂದು ಕಾಲೇಜಿನ ಇಲ್ಲಸ್ಟ್ರೇಶನ್ ಕೋರ್ಸಿನವರು ಪುಟಗಳ ಜೊತೆ ಪಾತ್ರದ ಉಡುಪನ್ನೂ ತರಬಹುದೆಂದಿದ್ದರು. ಹನ್ನೊಂದು ದಿನ, ಶಾಲೆ ಮುಗಿದ ಮೇಲೆ ಅಷ್ಟಷ್ಟೇ ಕೂತು ಹೊಲಿದಿದ್ದಳಂತೆ. ನಾನು ಕಾಲು ಗಂಟೆಯಲ್ಲಿ ಮುಗಿಸಿದ್ದೆ.

“ನನ್ನಿಂದ ತಪ್ಪಾಯ್ತಮ್ಮ,” ಎಂದೆ. ವಿದ್ಯಾರ್ಥಿನಿಯ ವಯಸ್ಸಿನವಳಿಗೆ ಈ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ನಾನೇ ಹೊಲಿದುಕೊಡಬಹುದಿತ್ತು, ಒಂದು ಗಂಟೆಯ ಕೆಲಸ. ಆದರೆ ನಾಳೆ ಪರೀಕ್ಷೆಗೆ ಕೂರುವವಳು ಅವಳು. ಪರೀಕ್ಷೆಯ ಹೊಲಿಗೆಯಲ್ಲಿ ಬೇರೆಯವರ ಕೈ ಬೀಳಬಾರದೆಂಬ ನಿಯಮವನ್ನು ನಾನೇ ಎಷ್ಟು ಮಕ್ಕಳಿಗೆ ಹೇಳಿಲ್ಲ! “ನೀನು ಹೊಲಿ. ನಾನು ಪಕ್ಕದಲ್ಲಿರ್ತೀನಿ. ಏಳಕ್ಕೆ ಅಂಗಡಿ ಮುಚ್ಚುತ್ತೆ, ಮೂರು ಗಂಟೆ ಇದೆ” ಎಂದೆ.

“ಎಲ್ಲಿತ್ತು ಅಂತ್ಲೇ ನೆನಪಿಲ್ಲ ಅಜ್ಜಿ.”

ಬಟ್ಟೆಗೆ ನೆನಪಿರುತ್ತದೆ. ದಾರ ಹೋದರೂ ಸೂಜಿಯ ತೂತು ಉಳಿದಿರುತ್ತದೆ, ಬಿಸಿ ಉಗಿ ತಾಗಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ. ಪುಣ್ಯಕ್ಕೆ ಪರ್ವೀನ್ ಇನ್ನೂ ಇಸ್ತ್ರಿ ಹಾಕಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ, ಮೋಡ ಕವಿದಿತ್ತು, ಕಾಣಲಿಲ್ಲ. ತನ್ವಿ ಚೀಲದಿಂದ ಹಲಗೆಯಂಥದೊಂದನ್ನು ತೆಗೆದಳು. ಚಿತ್ರ ತಿದ್ದಿ ಬರೆಯಲು ಕೆಳಗಿನಿಂದ ಬೆಳಕು ಕೊಡುವ ಲೈಟ್ ಪ್ಯಾಡು. ಅದರ ಮೇಲೆ ಅಂಚನ್ನು ಹಾಸಿದೆವು. ಕಡುನೀಲಿಯ ನಡುವೆ ತೂತುಗಳ ಐದು ಸಾಲು ಸಣ್ಣಗೆ ಹೊಳೆದವು.

“ಓ ಮೈ ಗಾಡ್,” ಎಂದಳು.

ನಾನು ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ಅಭ್ಯಾಸಬಲದಿಂದ ಲೆಕ್ಕವನ್ನೂ ಹಾಕಿದೆ. “ತನ್ವಿ, ಇದು ಐದು ಜನರ ಹೊಲಿಗೆ ಅಂದೆಯಲ್ಲ?”

“ಹೂಂ.”

“ಅಲ್ಲ. ಕೈ ಒಂದೇ. ಇಂಚಿಗೆ ಐದು ತೂತು, ಐದು ಸಾಲಿಗೂ.”

“ಆಫ್‌ಕೋರ್ಸ್ ಒಂದೇ ಕೈ, ನಾನೇ ಅಲ್ವಾ ಹೊಲ್ದಿದ್ದು,” ಎಂದವಳು ಅಲ್ಲಿಗೇ ನಿಂತಳು. ಹಲಗೆಯ ಮೇಲೆ ಬಗ್ಗಿ ಐದೂ ಸಾಲಿನ ಮೇಲೆ ಬೆರಳಾಡಿಸಿದಳು. “ಶಿಟ್. ಸಾರಿ ಅಜ್ಜಿ.”

ಹೊಲಿಗೆ ಕೈಬರಹದ ಹಾಗೆ. ಇಪ್ಪತ್ತಾರು ವರ್ಷ, ವರ್ಷಕ್ಕೆ ನೂರಕ್ಕೂ ಹೆಚ್ಚು ಹುಡುಗಿಯರ ಹೊಲಿಗೆ ತಿದ್ದಿದವಳು ನಾನು. ಹೆಸರಿಲ್ಲದ ತುಂಡು ಬಟ್ಟೆ ಕೊಟ್ಟರೂ ಯಾರದೆಂದು ಹೇಳುತ್ತಿದ್ದೆ. ತನ್ವಿಯ ಚಿತ್ರಗಳನ್ನು ಮತ್ತೆ ನೋಡಿದೆ, ಈ ಸಲ ಬಲಗಡೆಯಿಂದ. ಗುಂಪಿಗೆ ಮೊದಲು ಸೇರುವವಳು ಮುಂಗೋಪಿ. ನನಗೆ ಕೂಡಲೇ ನಮ್ಮ ಒಂಬತ್ತನೇ ತರಗತಿಯ ರೇಷ್ಮಾ ಕಣ್ಣಮುಂದೆ ಬಂದಳು. ಅರ್ಧ ಇಂಚಿಗೊಂದು ಹೊಲಿಗೆ, ಗಂಟೆ ಬಾರಿಸುವ ಮೊದಲೇ ಮುಗಿಸಿ ಕಿಟಕಿಯಾಚೆ ನೋಡುತ್ತ ಕೂರುವವಳು.

“ಇವಳು ದಾರ ಎಳೆಯೋದು ಸಿಟ್ಟಲ್ಲಿ. ಉದ್ದುದ್ದ ಹಾಕು. ಸಾಲು ಬಿಟ್ಟರೂ ಹಿಂದೆ ತಿರುಗಿ ನೋಡ್ಬೇಡ.”

ಎರಡನೆಯವಳು ಎಡಗೈಯವಳೆಂದು ಚಿತ್ರದಲ್ಲೇ ಕಾಣುತ್ತಿತ್ತು. ಹಾಸನದ ಎಡಚಿ ಗಾಯತ್ರಿಯ ಹೊಲಿಗೆ ವಿರುದ್ಧ ದಿಕ್ಕಿಗೆ ವಾಲುತ್ತಿದ್ದುದನ್ನು ತೋರಿಸಿಕೊಟ್ಟೆ. ತನ್ವಿ ಸೂಜಿಯನ್ನು ಎಡಗೈಗೆ ತೆಗೆದುಕೊಂಡು ಎರಡು ಸಲ ಬೆರಳು ಚುಚ್ಚಿಕೊಂಡಳು. ಮೂರನೆಯವಳದು ಸುಮ್ಮನೆ ಹರಟುವ ಜಾತಿ, ಮಾತಿಗೆ ತಿರುಗಿದಾಗಲೆಲ್ಲ ಸಾಲು ಬೇರೆ ಕಡೆ ಹೋಗುತ್ತದೆ. ಅಂಥವರು ನನ್ನ ತರಗತಿಯಲ್ಲಿ ಹೆಸರು ಹೇಳಲಾರದಷ್ಟು ಮಂದಿಯಿದ್ದರು.

ನಾಲ್ಕನೆಯವಳು ಹೆದರಿಕೆಯವಳು. ಸಾವಿತ್ರಿಯ ನೆನಪಾಯಿತು. ಸಾಸಿವೆಯಷ್ಟು ಹೊಲಿಗೆ, ಬಟ್ಟೆ ಸುಕ್ಕುಗಟ್ಟುವಷ್ಟು ಬಿಗಿ. ತಪ್ಪಾದೀತೆಂಬ ಭಯಕ್ಕೆ ಹಾಗೆ ಬಿಗಿಯುತ್ತಿದ್ದಳೆಂದು ಆಗ ನನಗೆ ಹೊಳೆದಿರಲಿಲ್ಲ. ಒಂದೇ ಕರವಸ್ತ್ರವನ್ನು ಮೂರು ಸಲ ಬಿಚ್ಚಿಸಿದ್ದೆ. ಹದಿನಾಲ್ಕು ಕಾಲ್ತುಳಿ ಯಂತ್ರಗಳ ಸದ್ದು, ಹೊಸ ಕೋರಾ ಬಟ್ಟೆಯ ಗಂಜಿಯ ವಾಸನೆ, ಮೂಲೆಯಲ್ಲಿ ತಲೆತಗ್ಗಿಸಿ ಬಿಚ್ಚುತ್ತಿದ್ದ ಆ ಹುಡುಗಿಯ ಎರಡು ಜಡೆ, ಎಲ್ಲವೂ ಆ ಸಂಜೆ ಹಾಗೇ ಕಂಡವು. ತನ್ವಿಗೆ, “ಬಿಗಿ ಹಾಕು, ಸುಕ್ಕಾದರೆ ಆಗ್ಲಿ” ಎಂದಷ್ಟೇ ಹೇಳಿದೆ.

ಇದರ ನಡುವೆ, ಐದೂವರೆಗೆ, ಲ್ಯಾಪ್‌ಟಾಪ್ ಚೀಲದೊಂದಿಗೆ ಶೋಭಾ ಬಂದಳು. ಬಾಗಿಲಲ್ಲೇ ನಿಂತು, “ನಂದೇ ತಪ್ಪು ಟೀಚರ್” ಎಂದಳು.

“ಅರ್ಧ ನಿಂದು, ಅರ್ಧ ನಂದು. ಬೂಟು ಬಿಚ್ಚಿ ಒಳಗೆ ಬಾ, ದಾರ ಪೋಣಿಸು.”

“ಅಮ್ಮ, ಟಚ್ ಮಾಡ್ಬೇಡ!”

“ಪೋಣಿಸ್ತೀನಿ ಅಷ್ಟೇ ಕಣೇ. ಅದೂ ಬೇಡ್ವಾ?”

ತನ್ವಿ ಸೂಜಿ ಚಾಚಿದಳು. ಶೋಭಾ ನಾಲ್ಕು ಸಲ ದಾರದ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡಳು. ಐದನೆಯ ಸಲ ಪೋಣಿಸಿದಳು. ತಾಯಿ ಮಗಳ ನಡುವೆ ಆ ಸಂಜೆ ನಡೆದ ರಾಜಿ ಇಷ್ಟೇ. ಪ್ರತಿ ಸಾಲು ಶುರುವಾಗುವ ಮೊದಲು, ಜಾಗಕ್ಕೆ ಗುಂಡುಸೂಜಿ ಚುಚ್ಚಿ ಗುರುತಿಟ್ಟ ಮೇಲೆ, ಹಳೆಯ ತೂತುಗಳನ್ನು ಪರ್ವೀನ್ ಉಗಿ ಹಾಯಿಸಿ ಮುಚ್ಚುತ್ತಿದ್ದಳು.

ಆರು ಐವತ್ತಕ್ಕೆ ಐದನೆಯ ಸಾಲು ಉಳಿದಿತ್ತು.

“ಇದಕ್ಕೆ ಯಾರ ಕೈ ಅಜ್ಜಿ?”

“ನಾಯಕಿದು ಅಂದೆಯಲ್ಲ. ನಿಂದೇ ಕೈ. ನನ್ನ ಕೇಳ್ಬೇಡ.”

ಅವಳು ದಣಿದಿದ್ದಳು. ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಸ್ವಲ್ಪ ಮೇಲಕ್ಕೆ ಹತ್ತಿತು, ಮತ್ತೆ ಇಳಿಯಿತು. ನನ್ನ ಬೆರಳು ತುರಿಸುತ್ತಿದ್ದವು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಮುಗಿಸಿ ಅವಳು ತಲೆಯೆತ್ತಿದಳು. “ಸೊಟ್ಟ ಆಯ್ತು. ಬಿಚ್ಚಿ ಮತ್ತೆ ಹಾಕ್ಲಾ?”

“ಬೇಡ,” ಎಂದೆ. ಹೊಲಿಗೆ ಶಿಕ್ಷಕಿಯಾಗಿ ಸೊಟ್ಟ ಸಾಲಿಗೆ ನಾನು ಕೊಟ್ಟ ಮೊದಲ ಒಪ್ಪಿಗೆ ಅದು.

ಏಪ್ರಿಲ್‌ನಲ್ಲಿ ತನ್ವಿಗೆ ಸೀಟು ಸಿಕ್ಕಿತು. ಪರೀಕ್ಷಕರು ಪುಟಗಳಿಗಿಂತ ಹೆಚ್ಚು ಹೊತ್ತು ಸ್ಕರ್ಟಿನ ಅಂಚನ್ನೇ ನೋಡಿದರೆಂದು, ಎಷ್ಟು ಜನ ಸೇರಿ ಹೊಲಿದಿರಿ ಎಂದು ಕೇಳಿದರೆಂದು ಶೋಭಾ ಹೇಳಿದಳು. ಅಂಗಡಿ ಈಗ ಇಲ್ಲ, ಪರ್ವೀನ್ ತಂಗಿಯ ಊರಿಗೆ ಹೋದಳು, ನನಗೂ ಕಣ್ಣು ಸಾಲದು. ಕಸುಬು ಕೊನೆಗಾಲದಲ್ಲಿ ನನಗೆ ಕಲಿಸಿದ ಪಾಠ ಚಿಕ್ಕದು: ಬಟ್ಟೆ ತಂದವರಿಂದ ಅಳತೆ ಪಡೆಯಬಹುದು, ಬಿಚ್ಚುವ ಅನುಮತಿಯನ್ನು ಮಾತ್ರ ತೊಡುವವರಿಂದಲೇ ಪಡೆಯಬೇಕು. ಇದನ್ನು ಹಾಸನದಲ್ಲಿ, ಅಡಿಕೋಲು ಕೈಯಲ್ಲಿದ್ದಾಗ ಕಲಿತಿದ್ದರೆ ಒಂದು ಕರವಸ್ತ್ರವಾದರೂ ಉಳಿಯುತ್ತಿತ್ತು.

ಅಂದು ಏಳು ಇಪ್ಪತ್ತಕ್ಕೆ ತನ್ವಿ ಸ್ಕರ್ಟು ತೊಟ್ಟು ಕನ್ನಡಿಯ ಮುಂದಿನ ಮಣೆಯ ಮೇಲೆ ನಿಂತಳು. ಅಂಚು ಹಿಮ್ಮಡಿ ಮುಟ್ಟುತ್ತಿತ್ತು, ಕೆಂಪು ಸಾಲುಗಳು ಐದು ಕಡೆಗೆ ಹೋಗುತ್ತಿದ್ದವು. ಸೀಮೆಸುಣ್ಣದ ಗೆರೆ ಇನ್ನೂ ಹಾಗೇ ಇತ್ತು, ಮಂಡಿಯಿಂದ ನಾಲ್ಕು ಬೆರಳು ಕೆಳಗೆ. ಬ್ರಷ್ಷು ತೆಗೆದುಕೊಂಡು ಅವಳ ಸುತ್ತ ಒಂದು ಸುತ್ತು ಬಂದು ಅದನ್ನು ಪೂರ್ತಿ ಒರೆಸಿದೆ.